ಇಸ್ತಿಕ್ಲಾಲ್ ಬೀದಿ: ಉಳಿದ ಮುಖಗಳು, ಹೋದ ಮನೆಗಳು

ನಮ್ಮ ಮನೆಗಳ ಗೋಡೆಯಲ್ಲಿ ತೂಗುವ ಕ್ಯಾಲೆಂಡರುಗಳಲ್ಲಿ ಇಸ್ತಾಂಬುಲ್ ಎಂದರೆ ಒಂದೇ ಚಿತ್ರ. ಆರು ಮಿನಾರಗಳ ಸುಲ್ತಾನ್ ಅಹ್ಮದ್ ಮಸೀದಿ, ಅದರ ಎದುರಿಗೆ ಅಯಾ ಸೋಫಿಯಾ, ಹಿಂದೆ ನೀಲಿ ನೀರು, ಒಂದೆರಡು ಕಡಲ ಹಕ್ಕಿಗಳು. ಉಮ್ರಾ ಮುಗಿಸಿ ಮರಳುವ ದಾರಿಯಲ್ಲಿ ಎರಡು ದಿನ ಅಲ್ಲಿ ತಂಗಿ ಬಂದವರ ಮೊಬೈಲಿನಲ್ಲೂ ಇದೇ ಚಿತ್ರ ಇರುತ್ತದೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಆ ನಗರದ ಜನ ಸಂಜೆ ಹೊತ್ತು ಎಲ್ಲಿಗೆ ಹೋಗುತ್ತಾರೆ ಎಂದು ಕೇಳಿದರೆ ಅವರು ಕೈತೋರಿಸುವುದು ಗೋಲ್ಡನ್ ಹಾರ್ನ್ ಎಂಬ ಕಡಲ ಕವಲಿನ ಆಚೆ ದಡಕ್ಕೆ. ಅಲ್ಲಿ ಗುಡ್ಡದ ನೆತ್ತಿಯ ಮೇಲೆ ಸುಮಾರು 1.4 ಕಿಲೋಮೀಟರ್ ಉದ್ದದ ಒಂದು ಬೀದಿಯಿದೆ. ಹೆಸರು ಇಸ್ತಿಕ್ಲಾಲ್ ಜಾದ್ದೆಸಿ. ಇಸ್ತಿಕ್ಲಾಲ್ ಎಂದರೆ ಸ್ವಾತಂತ್ರ್ಯ. 1990ರಿಂದ ಈ ಬೀದಿಯಲ್ಲಿ ಕಾರು ಬಸ್ಸುಗಳ ಓಡಾಟವಿಲ್ಲ. ನಡುವಿನಲ್ಲಿ ಗಂಟೆ ಬಾರಿಸುತ್ತಾ ಒಂದು ಪುಟ್ಟ ಕೆಂಪು ಟ್ರಾಮ್ ಹೋಗುತ್ತದೆ. ಉಳಿದಂತೆ ಜನ, ಜನ ಮತ್ತು ಜನ.

ಈ ಬೀದಿಯ ಬಗ್ಗೆ ಎರಡು ಬಗೆಯ ಮಾತುಗಳನ್ನು ನಾವು ಕೇಳುತ್ತಾ ಬಂದಿದ್ದೇವೆ. ಪ್ರವಾಸಿ ಕೈಪಿಡಿಗಳು ಇದನ್ನು ಪೂರ್ವದ ಪ್ಯಾರಿಸ್ ಎಂದು ಹೊಗಳುತ್ತವೆ. ನಮ್ಮ ಧಾರ್ಮಿಕ ವಲಯದ ಹಲವರು ಇದು ಉಸ್ಮಾನಿಯಾ ಸಂಸ್ಕೃತಿಯೇ ಅಲ್ಲ, ಯುರೋಪಿನವರು ತಂದು ಅಂಟಿಸಿದ ಬೀದಿ, ಇಲ್ಲಿ ಮದ್ಯ ಮತ್ತು ಸಿನಿಮಾ ಬಿಟ್ಟರೆ ನೋಡಲು ಏನಿದೆ ಎಂದು ಮುಖ ತಿರುಗಿಸುತ್ತಾರೆ. ಹೊಗಳುವವರಿಗೂ ತೆಗಳುವವರಿಗೂ ಇದು ಇಸ್ತಾಂಬುಲ್ ಅಲ್ಲ ಎಂಬುದರಲ್ಲಿ ಒಮ್ಮತ ಇರುವುದೇ ವಿಚಿತ್ರ. ಕಟ್ಟಡಗಳನ್ನು ಒಂದೊಂದಾಗಿ ನೋಡುತ್ತಾ ಹೋದರೆ ಈ ಒಮ್ಮತ ನಿಲ್ಲುವುದಿಲ್ಲ.

ಬೀದಿಯ ಕೆಳತುದಿಯಿಂದಲೇ ಆರಂಭಿಸೋಣ. ಕರಾಕೋಯ್ ಬಂದರಿನಿಂದ ಗುಡ್ಡ ಹತ್ತಲು ಅಲ್ಲಿ ಒಂದು ಸುರಂಗ ರೈಲಿದೆ. ಅದರ ಹೆಸರೇ ಟ್ಯೂನೆಲ್. ಫ್ರೆಂಚ್ ಇಂಜಿನಿಯರ್ ಗವಾಂದ್ ಕಟ್ಟಿಸಿದ ಈ 573 ಮೀಟರ್ ಉದ್ದದ ಹಳಿ 1875ರ ಜನವರಿಯಲ್ಲಿ ತೆರೆಯಿತು. ಲಂಡನ್ನಿನ ಬಳಿಕ ನಗರದ ನೆಲದಡಿ ಜನರನ್ನು ಸಾಗಿಸಿದ ಎರಡನೆಯ ರೈಲು ಇದು. ರೈಲಿನಿಂದ ಮೇಲೆ ಬಂದು ನಾಲ್ಕು ಹೆಜ್ಜೆ ಪಕ್ಕಕ್ಕೆ ಇಳಿದರೆ ಗಲತಾದ ಮೌಲವಿ ಖಾನ್‌ಖಾ ಸಿಗುತ್ತದೆ. ಮೌಲಾನಾ ರೂಮಿಯ ಪರಂಪರೆಯ ಸೂಫಿಗಳು 1491ರಲ್ಲಿ ನೆಲೆ ಹೂಡಿದ ಜಾಗ ಅದು. ಗಣರಾಜ್ಯ ಸರಕಾರ 1925ರಲ್ಲಿ ಖಾನ್‌ಖಾಗಳನ್ನೆಲ್ಲ ಮುಚ್ಚಿಸಿತು. ಇದು 1975ರಿಂದ ಸಂಗ್ರಹಾಲಯವಾಗಿದೆ. ಅದರ ಅಂಗಳದ ಕಬರಸ್ತಾನದಲ್ಲಿ ಉಸ್ಮಾನಿಯಾ ತುರ್ಕಿ ಮುದ್ರಣದ ಪಿತಾಮಹ ಇಬ್ರಾಹಿಮ್ ಮುತಫರ್ರಿಕಾರ ಸಮಾಧಿ ಶಿಲೆಯಿದೆ. ಯುರೋಪಿಯನ್ನರ ಬೀದಿ ಎಂದು ಹೆಸರು ಹೊತ್ತ ದಾರಿಯ ಬಾಗಿಲಲ್ಲೇ ಒಂದು ಖಾನ್‌ಖಾ ಮತ್ತು ಒಬ್ಬ ಮುದ್ರಕ. ಪ್ರವಾಸಿಗಳಲ್ಲಿ ಹೆಚ್ಚಿನವರು ಇದನ್ನು ನೋಡದೆ ಟ್ರಾಮ್ ಹತ್ತುತ್ತಾರೆ.

ಈ ಪ್ರದೇಶದ ಹಳೆಯ ಹೆಸರು ಪೆರಾ, ಇಂದಿನದು ಬೆಯೋಲು. ಬೀದಿಗೆ ತುರ್ಕಿಯಲ್ಲಿ 'ಜಾದ್ದೆ-ಇ ಕಬೀರ್' ಎಂದೂ ಫ್ರೆಂಚಿನಲ್ಲಿ ಪೆರಾದ ದೊಡ್ಡ ಬೀದಿ ಎಂದೂ ಕರೆಯುತ್ತಿದ್ದರು. ಫ್ರಾನ್ಸ್, ಹಾಲೆಂಡ್, ಸ್ವೀಡನ್, ರಷ್ಯಾ ದೇಶಗಳ ರಾಯಭಾರಿಗಳು ಇಲ್ಲಿದ್ದರು. ರಾಜಧಾನಿ ಅಂಕಾರಾಕ್ಕೆ ಹೋದ ಬಳಿಕ ಆ ಅರಮನೆಗಳೆಲ್ಲ ಬರೀ ದೂತಾವಾಸಗಳಾದವು. ಅವುಗಳನ್ನು ಬೇಲಿಯ ಹೊರಗಿನಿಂದ ನೋಡಬಹುದಷ್ಟೆ. ಒಂದು ಸಂಗತಿ ಮಾತ್ರ ಹೇಳಬೇಕು. ರಷ್ಯಾದ ರಾಯಭಾರ ಕಚೇರಿ ಕಟ್ಟಲು ಬಂದ ಸ್ವಿಸ್ ವಾಸ್ತುಶಿಲ್ಪಿ ಗಾಸ್ಪಾರೆ ಫೊಸ್ಸಾಟಿಗೇ ಸುಲ್ತಾನ್ ಅಬ್ದುಲ್ ಮಜೀದರು 1847ರಲ್ಲಿ ಅಯಾ ಸೋಫಿಯಾದ ದುರಸ್ತಿಯನ್ನು ವಹಿಸಿದರು. ಆಗ ಅದು ಮಸೀದಿ. ಮಸೀದಿಯ ಗುಂಬಜ್ ಗಟ್ಟಿಮಾಡಲು ಕ್ರೈಸ್ತ ಕೈಗಳಾಗಬಹುದೇ ಎಂಬ ಪ್ರಶ್ನೆ ಖಲೀಫರಿಗೆ ಎದುರಾಗಲಿಲ್ಲ.

1870ರ ಜೂನ್‌ನಲ್ಲಿ ಪೆರಾ ಹೊತ್ತಿ ಉರಿಯಿತು. ಸಾವಿರಾರು ಕಟ್ಟಡಗಳು ಬೂದಿಯಾದವು. ಅಲ್ಲಿಯವರೆಗೆ ಮರದ ಮನೆಗಳೇ ಹೆಚ್ಚಾಗಿದ್ದ ಬೀದಿಯನ್ನು ಬಳಿಕ ಕಲ್ಲಿನಲ್ಲೂ ಇಟ್ಟಿಗೆಯಲ್ಲೂ ಕಟ್ಟಿದರು. ಇಂದು ನಾವು ನೋಡುವ ಇಸ್ತಿಕ್ಲಾಲ್ ಬಹುಪಾಲು ಆ ಬೆಂಕಿಯ ನಂತರದ ನಲವತ್ತು ವರ್ಷಗಳ ಕೆಲಸ. ಸುಟ್ಟುಹೋದ ನಾಟಕಶಾಲೆಯೊಂದರ ಜಾಗದಲ್ಲಿ ಗ್ರೀಕ್ ಸಾಹುಕಾರ ಕ್ರಿಸ್ತಾಕಿ 1876ರಲ್ಲಿ ಅಂಗಡಿ ಸಾಲು ಮತ್ತು ವಸತಿಗಳನ್ನೊಳಗೊಂಡ ಒಂದು ದೊಡ್ಡ ಕಟ್ಟಡ ಎತ್ತಿಸಿದ. ಅದು ಮುಂದೆ ಉಸ್ಮಾನಿಯಾ ಪ್ರಧಾನಮಂತ್ರಿ ಸಯೀದ್ ಪಾಷಾರ ಕೈಗೆ ಬಂತು. ರಷ್ಯಾದ ಕ್ರಾಂತಿಯಿಂದ ತಪ್ಪಿಸಿಕೊಂಡು ಬಂದವರು ಅಲ್ಲಿ ಹೂ ಮಾರಲು ಕೂತರು. ಹೆಸರು ಹೂವಿನ ಓಣಿ ಎಂದಾಯಿತು. ಒಂದೇ ಕಟ್ಟಡ, ಗ್ರೀಕನ ಹಣ, ತುರ್ಕಿಯ ಒಡೆತನ, ರಷ್ಯನ್ನರ ಹೂವು. 1978ರಲ್ಲಿ ಅದರ ಒಂದು ಭಾಗ ಕುಸಿಯಿತು. ದುರಸ್ತಿ ಮಾಡಿ 1988ರಲ್ಲಿ ಮತ್ತೆ ತೆರೆದರು. ಈಗ ಅಲ್ಲಿ ಬರೀ ಹೋಟೆಲುಗಳ ಗದ್ದಲ. ನಮಗಂತೂ ಅಲ್ಲಿ ಹತ್ತು ನಿಮಿಷ ನಿಲ್ಲಲಾಗಲಿಲ್ಲ.

ಇದಕ್ಕಿಂತ ಹೆಚ್ಚು ನಮ್ಮನ್ನು ಹಿಡಿದು ನಿಲ್ಲಿಸಿದ್ದು ರಾಗಿಪ್ ಪಾಷಾರ ಮೂರು ಕಟ್ಟಡಗಳು. ಸುಲ್ತಾನ್ ಎರಡನೆಯ ಅಬ್ದುಲ್ ಹಮೀದರ ಆಪ್ತ ಅಧಿಕಾರಿಯಾಗಿದ್ದ ಈ ಪಾಷಾ ಬೆಯೋಲುವಿನಲ್ಲಿ ಮೂರು ದೊಡ್ಡ ಬಾಡಿಗೆ ಕಟ್ಟಡಗಳನ್ನು ಕಟ್ಟಿಸಿ ರೂಮೇಲಿ, ಅನಾದೋಲು, ಆಫ್ರಿಕಾ ಎಂದು ಹೆಸರಿಟ್ಟರು. ಸಾಮ್ರಾಜ್ಯ ಮೂರು ಖಂಡಗಳಲ್ಲಿ ಹಬ್ಬಿತ್ತಲ್ಲ, ಅದರ ನೆನಪಿಗೆ. ಕಟ್ಟಡಗಳ ಹೊರರೂಪ ಪ್ಯಾರಿಸಿನದು, ಹೆಸರು ಮಾತ್ರ ಉಸ್ಮಾನಿಯಾ ಭೂಪಟ. ಅದಾದ ಕೆಲವೇ ವರ್ಷಗಳಲ್ಲಿ ಆಫ್ರಿಕಾ ಕೈಬಿಟ್ಟಿತು, ರೂಮೇಲಿಯ ಹೆಚ್ಚಿನ ಭಾಗವೂ ಹೋಯಿತು. ಕಟ್ಟಡಗಳ ಹೆಸರು ಮಾತ್ರ ಹಾಗೇ ಇವೆ. ಸಾಮ್ರಾಜ್ಯ ಬಾಡಿಗೆ ಮನೆಯ ಫಲಕದಲ್ಲಿ ಉಳಿದುಕೊಂಡದ್ದನ್ನು ಇನ್ನೆಲ್ಲೂ ನಾವು ಕಂಡಿಲ್ಲ.

ಇನ್ನು ಬೀದಿಯ ಅತ್ಯಂತ ಸುಂದರ ಮುಖವೆಂದರೆ ಬೋಟರ್ ಮನೆಯದು. ಇದು ನಮ್ಮ ಅಭಿಪ್ರಾಯ, ಬೇರೆಯವರು ಬೇರೆ ಕಟ್ಟಡ ಹೆಸರಿಸಬಹುದು. ಝಾನ್ ಬೋಟರ್ ಎಂಬ ಡಚ್ ದರ್ಜಿ ಅಬ್ದುಲ್ ಹಮೀದರಿಗೆ ಬಟ್ಟೆ ಹೊಲಿಯುತ್ತಿದ್ದವನು. ಅವನಿಗಾಗಿ ಇಟಲಿಯ ರೈಮೊಂಡೊ ದರೊಂಕೊ 1900-01ರಲ್ಲಿ ಈ ಮನೆ ಕಟ್ಟಿದ. ಕೆಳಗೆ ಹೊಲಿಗೆಯ ಅಂಗಡಿ, ಮೇಲೆ ಸಂಸಾರ. ಕಲ್ಲಿನ ಗುಲಾಬಿಗಳು ಗೋಡೆಯ ಮೇಲೆ ಬಳ್ಳಿಯಂತೆ ಹಬ್ಬಿವೆ, ಬಾಲ್ಕನಿಯ ಕಬ್ಬಿಣ ದಾರದಂತೆ ಬಾಗಿದೆ. ದರ್ಜಿಯ ಮನೆಗೆ ಕಸೂತಿ ಹಾಕಿದ ಗೋಡೆ ಎಂದರೆ ತಪ್ಪಾಗದು. ಆರ್ಟ್ ನೂವೋ ಎಂಬ ಶೈಲಿ ಇಸ್ತಾಂಬುಲಿನಲ್ಲಿ ಮೊದಲು ಕಾಣಿಸಿದ್ದು ಇಲ್ಲಿ.

ಈ ದರೊಂಕೊನ ಬಗ್ಗೆ ಸ್ವಲ್ಪ ಹೆಚ್ಚು ಹೇಳಲು ಕಾರಣವಿದೆ. ಇದೇ ಮನುಷ್ಯ ಬೆಶಿಕ್ತಾಶಿನಲ್ಲಿ ಶಾದಿಲೀ ಸೂಫಿ ಪಂಥದ ಶೇಖ್ ಝಾಫಿರ್‌ರ ಗೋರಿ ಮತ್ತು ಗ್ರಂಥಾಲಯವನ್ನು ಕಟ್ಟಿದ. ಶೈಲಿ ಅದೇ ಬೋಟರ್ ಮನೆಯದು. ಸುಲ್ತಾನರ ಗುರುವಿನ ಗೋರಿಯನ್ನು ಇಟಲಿಯ ಕ್ರೈಸ್ತನೊಬ್ಬ ಯುರೋಪಿನ ಅಂದಿನ ಹೊಸ ಶೈಲಿಯಲ್ಲಿ ಕಟ್ಟಿದ, ಸುಲ್ತಾನರು ಒಪ್ಪಿದರು. ಕರಾಕೋಯಿಯಲ್ಲಿ ಅವನು ಒಂದು ಚಿಕ್ಕ ಮಸೀದಿಯನ್ನೂ ಕಟ್ಟಿದ್ದ. ಅದನ್ನು ಕೆಡವಿದವರು ಯುರೋಪಿಯನ್ನರಲ್ಲ. 1958ರಲ್ಲಿ ರಸ್ತೆ ಅಗಲಿಸುವಾಗ ತುರ್ಕಿಯ ಸರಕಾರವೇ ಕೆಡವಿತು. ದ್ವೀಪವೊಂದಕ್ಕೆ ಸಾಗಿಸಿ ಮರಳಿ ಕಟ್ಟುತ್ತೇವೆ ಎಂದು ಬಿಚ್ಚಿದ ಆ ಮಸೀದಿ ಮತ್ತೆಂದೂ ಎದ್ದು ನಿಲ್ಲಲಿಲ್ಲ. ಗುಂಬಜ್ ಮತ್ತು ಮಿನಾರ ಇದ್ದರೆ ಮಾತ್ರ ಇಸ್ಲಾಮಿ ವಾಸ್ತು, ಉಳಿದದ್ದೆಲ್ಲ ಅನ್ಯರದ್ದು ಎಂದು ನಾವು ಇಂದು ಗೆರೆ ಎಳೆಯುತ್ತೇವೆ. ನೂರಿಪ್ಪತ್ತು ವರ್ಷ ಹಿಂದೆ ಖಲೀಫರ ಅರಮನೆಯಲ್ಲಿ ಆ ಗೆರೆ ಇರಲಿಲ್ಲ.

ಬೋಟರ್ ಮನೆ ಹಲವು ದಶಕ ಪಾಳುಬಿದ್ದಿತ್ತು. ನಗರಪಾಲಿಕೆ ಅದನ್ನು ದುರಸ್ತಿ ಮಾಡಿಸಿ 2023ರಲ್ಲಿ ಕಲಾಕೇಂದ್ರವಾಗಿ ಜನರಿಗೆ ತೆರೆಯಿತು.

ಮುಂದೆ ಹೋದರೆ ಎಡಬಲಗಳಲ್ಲಿ ಚರ್ಚುಗಳಿವೆ. ಆದರೆ ಬೀದಿಯಲ್ಲಿ ನಡೆಯುವವರಿಗೆ ಅವು ಥಟ್ಟನೆ ಕಾಣುವುದಿಲ್ಲ. ಸಾಂತಾ ಮಾರಿಯಾಗೆ ಹೋಗಲು ಬೀದಿಯಿಂದ ಮೆಟ್ಟಿಲಿಳಿದು ಹೋಗಬೇಕು. ಮಂಗಳೂರಿನವರಿಗೆ ಚಿರಪರಿಚಿತರಾದ ಪಾದುವಾದ ಸಂತ ಅಂತೋನಿಯ ಚರ್ಚು ಇಲ್ಲಿನ ಕಥೊಲಿಕರ ಅತಿ ದೊಡ್ಡ ಆಲಯ. 1906ರಿಂದ 1912ರ ನಡುವೆ ಜೂಲಿಯೊ ಮೊಂಜೆರಿ ಮತ್ತು ಎದೊಆರ್ದೊ ದೆ ನಾರಿ ಇದನ್ನು ಕೆಂಪಿಟ್ಟಿಗೆಯಲ್ಲಿ ಕಟ್ಟಿದರು. ಬೀದಿಯ ಅಂಚಿಗೆ ಎರಡು ಬಾಡಿಗೆ ಕಟ್ಟಡಗಳು, ಅವುಗಳ ನಡುವಿನ ಕಮಾನಿನೊಳಗೆ ಹೋದರೆ ಅಂಗಳ, ಅಂಗಳದ ಹಿಂದೆ ಚರ್ಚು. ಮುಂದಿನ ಕಟ್ಟಡಗಳ ಬಾಡಿಗೆಯಿಂದ ಹಿಂದಿನ ಆಲಯ ನಡೆಯುವ ವ್ಯವಸ್ಥೆ. ಈ ಏರ್ಪಾಡು ನಮಗೆ ಹೊಸದೇನಲ್ಲ. ನಮ್ಮ ಎಷ್ಟೋ ಪೇಟೆ ಮಸೀದಿಗಳು ಮುಂದೆ ವಕ್ಫ್ ಅಂಗಡಿ ಸಾಲು, ಹಿಂದೆ ಹೌಝ್ ಮತ್ತು ನಮಾಝಿನ ಹಜಾರ ಎಂಬ ಕ್ರಮದಲ್ಲೇ ಇವೆ. ವ್ಯಾಪಾರದ ಬೀದಿಯಲ್ಲಿ ಆರಾಧನಾಲಯ ಹೇಗೆ ಬದುಕಬೇಕೆಂಬ ಪ್ರಶ್ನೆಗೆ ಎರಡು ಧರ್ಮದವರು ಕಂಡುಕೊಂಡ ಒಂದೇ ಉತ್ತರ ಇದು. ಮುಂದೆ ಪೋಪ್ ಇಪ್ಪತ್ತಮೂರನೆಯ ಜಾನ್ ಆದ ರೊಂಕಾಲ್ಲಿ 1935ರಿಂದ 1944ರವರೆಗೆ ತುರ್ಕಿಯಲ್ಲಿ ವ್ಯಾಟಿಕನ್ನಿನ ಪ್ರತಿನಿಧಿಯಾಗಿದ್ದಾಗ ಪ್ರವಚನ ನೀಡುತ್ತಿದ್ದದ್ದು ಇದೇ ಚರ್ಚಿನಲ್ಲಿ.

ಅಂತೋನಿಯ ಚರ್ಚಿನ ಪಕ್ಕದಲ್ಲೇ ಮಿಸರ್ ಅಪಾರ್ಟ್‌ಮೆಂಟ್ ಇದೆ. ಈ ಬೀದಿ ನಮ್ಮದಲ್ಲ ಎನ್ನುವವರನ್ನು ನಾವು ಕರೆದೊಯ್ಯಬೇಕಾದದ್ದು ಇಲ್ಲಿಗೆ. ಮಿಸರ್ ಎಂದರೆ ಈಜಿಪ್ಟ್. ಈಜಿಪ್ಟಿನ ರಾಜಮನೆತನದ ಅಬ್ಬಾಸ್ ಹಲೀಮ್ ಪಾಷಾರಿಗಾಗಿ ಅರ್ಮೇನಿಯನ್ ವಾಸ್ತುಶಿಲ್ಪಿ ಹೋವ್ಸೆಪ್ ಅಜ್ನಾವುರ್ 1910ರಲ್ಲಿ ಕಟ್ಟಿದ ಮನೆ. ಕವಿ ಮೆಹ್ಮೆತ್ ಆಕಿಫ್ ಎರ್ಸೋಯ್ ತಮ್ಮ ಕೊನೆಯ ದಿನಗಳನ್ನು ಇಲ್ಲಿ ಕಳೆದು 1936ರ ಡಿಸೆಂಬರ್ 27ರಂದು ತೀರಿಕೊಂಡರು. ಆಕಿಫ್ ಯಾರು? ತುರ್ಕಿಯ ರಾಷ್ಟ್ರಗೀತೆಯನ್ನು ಬರೆದವರು. ಆ ಗೀತೆಯ ಹೆಸರು ಇಸ್ತಿಕ್ಲಾಲ್ ಮಾರ್ಶ್, ಈ ಬೀದಿಯ ಹೆಸರೂ ಇಸ್ತಿಕ್ಲಾಲ್. ದೀನೀ ಮನಸ್ಸಿನ ಅವರಿಗೆ ಗಣರಾಜ್ಯದ ಹೊಸ ದಾರಿ ಒಗ್ಗಲಿಲ್ಲ. ಹತ್ತು ವರ್ಷಕ್ಕೂ ಹೆಚ್ಚು ಕಾಲ ಈಜಿಪ್ಟಿನಲ್ಲಿ ಅದೇ ಅಬ್ಬಾಸ್ ಹಲೀಮರ ಆಶ್ರಯದಲ್ಲಿದ್ದು ತುರ್ಕಿ ಭಾಷೆ ಕಲಿಸುತ್ತಿದ್ದರು. ಕಾಯಿಲೆ ಬಿದ್ದು ಮರಳಿದಾಗ ತಲೆಯಿಡಲು ಸಿಕ್ಕಿದ್ದು ಅರ್ಮೇನಿಯನ್ನನು ಕಟ್ಟಿದ, ಚರ್ಚಿನ ಗಂಟೆ ಕೇಳಿಸುವ ಈ ಮನೆ. ಈಗ ಅಲ್ಲಿ ಕಲಾ ಗ್ಯಾಲರಿಗಳೂ ಮೇಲ್ಮಹಡಿಯಲ್ಲಿ ಉಣಿಸಿನ ಹೋಟೆಲೂ ಬಂದು ಹೋಗುತ್ತಿವೆ. ಆಕಿಫ್‌ರನ್ನು ವೇದಿಕೆಗಳಲ್ಲಿ ಪಠಿಸುವ ರಾಜಕಾರಣಿಗಳಿಗೆ ತುರ್ಕಿಯಲ್ಲಿ ಕೊರತೆಯಿಲ್ಲ. ಅವರಲ್ಲಿ ಎಷ್ಟು ಮಂದಿ ಈ ಮೆಟ್ಟಿಲು ಹತ್ತಿದ್ದಾರೋ.

ಹಾಗಾದರೆ ಅಜ್ನಾವುರ್‌ನ ಜನ ಎಲ್ಲಿ ಹೋದರು, ಕ್ರಿಸ್ತಾಕಿಯ ಜನ ಎಲ್ಲಿ ಹೋದರು? ವಾಸ್ತುವಿನ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಈ ಪ್ರಶ್ನೆಯನ್ನು ಪಕ್ಕಕ್ಕಿಡುತ್ತಾರೆ. ಕಟ್ಟಡದ ಮುಖವನ್ನು ವರ್ಣಿಸಿ, ಕಟ್ಟಿದವರನ್ನು 'ಅಂದಿನ ಕಾಸ್ಮೋಪಾಲಿಟನ್ ಸಮಾಜ' ಎಂಬ ಒಂದು ಮಾತಿನಲ್ಲಿ ಮುಗಿಸುತ್ತಾರೆ. ಆ ಸಮಾಜ ತಾನಾಗಿ ಆವಿಯಾಗಲಿಲ್ಲ. 1942ರ ನವೆಂಬರ್‌ನಲ್ಲಿ ತುರ್ಕಿ ಸರಕಾರ ಸಂಪತ್ತಿನ ಮೇಲೆ ಒಂದು ತೆರಿಗೆ ಹಾಕಿತು. ಕಾನೂನಿನ ಅಕ್ಷರದಲ್ಲಿ ಎಲ್ಲರಿಗೂ ಒಂದೇ, ವಸೂಲಿಯಲ್ಲಿ ಗ್ರೀಕ್, ಅರ್ಮೇನಿಯನ್ ಮತ್ತು ಯಹೂದಿ ವ್ಯಾಪಾರಿಗಳಿಗೆ ಮುಸ್ಲಿಮರಿಗಿಂತ ಎಷ್ಟೋ ಪಾಲು ಹೆಚ್ಚು. ಕಟ್ಟಲಾಗದವರ ಅಂಗಡಿ ಮನೆಗಳು ಹರಾಜಾದವು. ಹಲವರನ್ನು ಅಶ್ಕಾಲೆಯ ಚಳಿಯಲ್ಲಿ ಕಲ್ಲು ಒಡೆಯಲು ಕಳುಹಿಸಿದರು. 1944ರಲ್ಲಿ ಕಾನೂನು ರದ್ದಾಯಿತು, ಕೈ ಬದಲಾದ ಆಸ್ತಿ ಮರಳಲಿಲ್ಲ.

ಅದಕ್ಕಿಂತ ಘೋರವಾದದ್ದು 1955ರ ಸೆಪ್ಟೆಂಬರ್ 6ರ ರಾತ್ರಿ. ಸೆಲೊನಿಕಾದಲ್ಲಿ ಅತಾತುರ್ಕ್ ಹುಟ್ಟಿದ ಮನೆಗೆ ಬಾಂಬಿಟ್ಟರೆಂಬ ಸುದ್ದಿ ಸಂಜೆ ಪತ್ರಿಕೆಯಲ್ಲಿ ದೊಡ್ಡದಾಗಿ ಹಬ್ಬಿತು. ಲಾರಿಗಳಲ್ಲಿ ಜನ ಬಂದಿಳಿದರು. ಇಸ್ತಿಕ್ಲಾಲಿನ ಅಂಗಡಿಗಳ ಬಾಗಿಲು ಮುರಿದು ಬಟ್ಟೆಯ ಥಾನುಗಳನ್ನು, ಪಿಯಾನೊಗಳನ್ನು, ಪಿಂಗಾಣಿಯನ್ನು ಬೀದಿಗೆಸೆದರು. ಮರುದಿನದ ಚಿತ್ರಗಳಲ್ಲಿ ನೆಲ ಕಾಣುವುದಿಲ್ಲ, ಮೊಣಕಾಲೆತ್ತರಕ್ಕೆ ಬಟ್ಟೆ. ತುರ್ಕಿಯ ನ್ಯಾಯಾಲಯದ ಲೆಕ್ಕದಲ್ಲೇ ನಗರದಾದ್ಯಂತ ಹಾನಿಗೀಡಾದ ಮನೆ, ಅಂಗಡಿ, ಶಾಲೆ, ಆರಾಧನಾಲಯಗಳು ಐದು ಸಾವಿರಕ್ಕೂ ಹೆಚ್ಚು. ಅವುಗಳಲ್ಲಿ ಚರ್ಚುಗಳೇ 73. ನೆರೆಯವರನ್ನು ತಮ್ಮ ಮನೆಯಲ್ಲಿ ಬಚ್ಚಿಟ್ಟು ಬಾಗಿಲಲ್ಲಿ ನಿಂತ ಮುಸ್ಲಿಮರೂ ಆ ರಾತ್ರಿ ಇದ್ದರು, ಅದನ್ನೂ ಹೇಳಬೇಕು. 1964ರಲ್ಲಿ ಸೈಪ್ರಸ್ ತಗಾದೆಯ ನೆಪದಲ್ಲಿ ಗ್ರೀಕ್ ಪೌರತ್ವದ ಸುಮಾರು 12,000 ಮಂದಿಯನ್ನು 20 ಕಿಲೋ ಸಾಮಾನಿನೊಂದಿಗೆ ಗಡಿ ದಾಟಿಸಿದರು. ಅವರ ಜತೆಗೆ ತುರ್ಕಿಯ ಪೌರರಾಗಿದ್ದ ಅವರ ಸಂಸಾರಗಳೂ ಹೋದವು. 1920ರ ದಶಕದಲ್ಲಿ ಸುಮಾರು ಒಂದು ಲಕ್ಷವಿದ್ದ ಇಸ್ತಾಂಬುಲಿನ ಗ್ರೀಕರು ಇಂದು ಕೆಲವೇ ಸಾವಿರ.

ಅಲ್ಪಸಂಖ್ಯಾತರಾಗಿ ಬದುಕುವ ನಾವು ಇದನ್ನು ಓದುವಾಗ ಯಾರ ಕಡೆ ನಿಂತು ಓದುತ್ತೇವೆ? ತುರ್ಕಿಯ ವಿಷಯ ಬಂದಾಗ ನಮ್ಮ ಪತ್ರಿಕೆಗಳು ಹೆಚ್ಚಾಗಿ ಬಹುಸಂಖ್ಯಾತರ ಕಣ್ಣಿನಿಂದಲೇ ನೋಡುತ್ತವೆ. ಅಂಗಡಿಯ ಮುರಿದ ಷಟರ್ ಮುಂದೆ ನಿಂತ ಗ್ರೀಕನ ಚಿತ್ರವನ್ನು ನೋಡಿದಾಗ ನಮಗೆ ನೆನಪಾಗಬೇಕಾದದ್ದು ಉಸ್ಮಾನಿಯಾ ವೈಭವವಲ್ಲ. ಅಂತಹ ಷಟರುಗಳನ್ನು ನಾವು ನಮ್ಮ ಊರುಗಳಲ್ಲೇ ನೋಡಿದ್ದೇವೆ.

ನಮ್ಮ ನಾಡಿಗೂ ಈ ಬೀದಿಗೂ ಒಂದು ಸಣ್ಣ ನಂಟಿದೆ. 1920ರ ಆಗಸ್ಟ್‌ನಲ್ಲಿ ಗಾಂಧೀಜಿ ಮತ್ತು ಮೌಲಾನಾ ಶೌಕತ್ ಅಲಿ ಖಿಲಾಫತ್ ಮತ್ತು ಅಸಹಕಾರದ ಕರೆ ಹೊತ್ತು ಮಂಗಳೂರಿಗೆ ಬಂದಿದ್ದರು. ದೇಶದುದ್ದಕ್ಕೂ ಮುಸ್ಲಿಮರು, ಎಷ್ಟೋ ಹೆಂಗಸರು ಒಡವೆ ಬಿಚ್ಚಿ ಕೊಟ್ಟು, ತುರ್ಕಿಗೆ ಹಣ ಕಳುಹಿಸಿದರು. ಆ ಹಣದಲ್ಲಿ ಉಳಿದದ್ದರಿಂದ ಮುಸ್ತಫಾ ಕಮಾಲರು 2,50,000 ಲಿರಾ ತೆಗೆದು 1924ರ ಆಗಸ್ಟ್‌ನಲ್ಲಿ ಇಶ್ ಬ್ಯಾಂಕನ್ನು ಆರಂಭಿಸಿದರು. ಖಿಲಾಫತ್ತನ್ನು ಅದೇ ವರ್ಷ ಮಾರ್ಚ್‌ನಲ್ಲಿ ರದ್ದುಪಡಿಸಲಾಗಿತ್ತು. ಖಿಲಾಫತ್ ಉಳಿಸಲೆಂದು ಬಿಚ್ಚಿದ ಬಳೆ ಬ್ಯಾಂಕಿನ ಮೂಲಧನವಾಯಿತು. ಇಸ್ತಿಕ್ಲಾಲಿನಲ್ಲಿ ಆ ಬ್ಯಾಂಕಿನ ಶಾಖೆಯಿದ್ದ ಕಟ್ಟಡ 2023ರಲ್ಲಿ ಚಿತ್ರ ಮತ್ತು ಶಿಲ್ಪಗಳ ಸಂಗ್ರಹಾಲಯವಾಗಿ ತೆರೆದಿದೆ. ಅಲ್ಲಿ ಚಿತ್ರಗಳನ್ನು ನೋಡುವ ಭಾರತೀಯರಿಗೆ ನಮ್ಮ ಅಜ್ಜಿಯರ ಕಾಣಿಕೆ ಎಲ್ಲೋ ಈ ಗೋಡೆಯ ಹಿಂದಿದೆ ಎಂದು ಅನ್ನಿಸಿದರೆ ಅದು ತೀರಾ ಅತಿಶಯವೇನಲ್ಲ.

ಜನ ಹೋದ ಬಳಿಕ ಕಟ್ಟಡಗಳ ಸರದಿ. 1986ರಿಂದ 1988ರ ನಡುವೆ ಮೇಯರ್ ಬೆದ್ರೆತ್ತಿನ್ ದಲಾನ್‌ರ ಕಾಲದಲ್ಲಿ ಇಸ್ತಿಕ್ಲಾಲಿಗೆ ಸಮಾನಾಂತರವಾಗಿ ತಾರ್ಲಾಬಾಶಿ ಹೆದ್ದಾರಿಯನ್ನು ಬಿಡಿಸಲು 300ಕ್ಕೂ ಹೆಚ್ಚು ಹಳೆಯ ಕಟ್ಟಡಗಳನ್ನು ಉರುಳಿಸಿದರು. ಇಸ್ತಿಕ್ಲಾಲಿನಿಂದ ಕಾರುಗಳನ್ನು ಹೊರಹಾಕಲು ಸಾಧ್ಯವಾದದ್ದು ಆ ಹೆದ್ದಾರಿಯಿಂದಲೇ. ಕಾಲ್ನಡಿಗೆಯ ಸುಖವನ್ನು ಹೊಗಳುವಾಗ ಪಕ್ಕದ ಬೀದಿ ತೆತ್ತ ಬೆಲೆಯನ್ನು ಮರೆಯುವುದು ಸುಲಭ.

ಕಳೆದ ಹದಿನೈದು ವರ್ಷಗಳ ಕೆಡವುವಿಕೆಗೆ ಬೇರೆಯೇ ಜಾಣತನವಿದೆ. ಮುಖವನ್ನು ಉಳಿಸಿ ಮೈಯನ್ನು ತೆಗೆಯುತ್ತಾರೆ. ಇದರ ದೊಡ್ಡ ಉದಾಹರಣೆ ಸೆರ್ಕ್ಲ್ ದೊರಿಯಾಂ. 1880ರ ದಶಕದಲ್ಲಿ ಅರ್ಮೇನಿಯನ್ ಅಧಿಕಾರಿ ಅಬ್ರಹಾಮ್ ಪಾಷಾರಿಗಾಗಿ ಅಲೆಕ್ಸಾಂದ್ರ್ ವಲೋರಿ ಕಟ್ಟಿದ ಅರಮನೆಯಂಥ ಕಟ್ಟಡ. ಪುರಾತತ್ವ ಸಂಗ್ರಹಾಲಯವನ್ನೂ ಪೆರಾ ಪಲಾಸ್ ಹೋಟೆಲನ್ನೂ ಕಟ್ಟಿದವರು ಇದೇ ವಲೋರಿ. ಇದರ ಹಿಂಬದಿಯಲ್ಲಿ, ಯೆಶಿಲ್‌ಚಾಮ್ ಎಂಬ ಗಲ್ಲಿಗೆ ಬಾಗಿಲಿಟ್ಟು, 1924ರಲ್ಲಿ ಒಂದು ಚಿತ್ರಮಂದಿರ ತೆರೆಯಿತು. ತುರ್ಕಿಯ ಚಿತ್ರರಂಗಕ್ಕೇ ಯೆಶಿಲ್‌ಚಾಮ್ ಎಂಬ ಹೆಸರು ಬಂದದ್ದು ಈ ಗಲ್ಲಿಯಿಂದ. ಚಿತ್ರಮಂದಿರಕ್ಕೆ ಮೊದಲು ಇಟ್ಟ ಹೆಸರು ಮೆಲೆಕ್, ಅಂದರೆ ಮಲಕ್. ತೆರೆಯ ಮೇಲುಗಡೆ ಇದ್ದ ದೇವದೂತರ ಆಕೃತಿಗಳಿಂದ ಬಂದ ಹೆಸರು. ಮುಂದೆ ಅದು ಎಮೆಕ್ ಆಯಿತು. ಎಮೆಕ್ ಎಂದರೆ ದುಡಿಮೆ. ಇಸ್ತಾಂಬುಲಿನ ಚಲನಚಿತ್ರೋತ್ಸವಕ್ಕೆ ಅದೇ ಮನೆ.

2013ರ ಏಪ್ರಿಲ್‌ನಲ್ಲಿ ಅದನ್ನು ಕೆಡವಬೇಡಿ ಎಂದು ಸಾವಿರಾರು ಮಂದಿ ಗಲ್ಲಿಯಲ್ಲಿ ನೆರೆದರು. ಜಗತ್ಪ್ರಸಿದ್ಧ ನಿರ್ದೇಶಕ ಕೋಸ್ತಾ ಗಾವ್ರಾಸ್ ಕೂಡ ಆ ಗುಂಪಿನಲ್ಲಿದ್ದರು. ಪೊಲೀಸರು ನೀರು ಹಾಯಿಸಿ ಚದುರಿಸಿದರು. ಮೇ ತಿಂಗಳಲ್ಲಿ ಕೆಡವಿದರು. ಈಗ ಅಲ್ಲಿ ಮಾಲ್ ಇದೆ. ಬೀದಿಯ ಕಡೆಗಿನ ವಲೋರಿಯ ಗೋಡೆ ತೊಳೆದು ಹೊಳೆಯುತ್ತಿದೆ. ನಾವು ಎಮೆಕನ್ನು ಕೆಡವಿಲ್ಲ, ಮೇಲಕ್ಕೆ ಎತ್ತಿದ್ದೇವೆ ಎಂಬುದು ಕಟ್ಟಿದವರ ವಾದ. ಹಳೆಯ ಅಲಂಕಾರದ ತುಣುಕುಗಳನ್ನೂ ಅಚ್ಚುಗಳನ್ನೂ ಬಳಸಿ ಮಾಲ್‌ನ ಮೇಲ್ಮಹಡಿಯಲ್ಲಿ ಒಂದು ಹೊಸ ಎಮೆಕ್ ಮಾಡಿ 2016ರಲ್ಲಿ ತೆರೆದಿದ್ದಾರೆ. ಚಾವಣಿಯ ಹೂಬಳ್ಳಿ ಅದೇ, ಬಣ್ಣವೂ ಹೆಚ್ಚುಕಡಿಮೆ ಅದೇ. ಆದರೆ ಬೀದಿಯಿಂದ ಗಲ್ಲಿಗೆ, ಗಲ್ಲಿಯಿಂದ ಕತ್ತಲೆಗೆ ನಡೆದು ಹೋಗುತ್ತಿದ್ದ ಆ ದಾರಿ? ಚಿತ್ರಮಂದಿರ ಎಂದರೆ ಚಾವಣಿಯ ಗಾರೆ ಮಾತ್ರವೇ? ಎಸ್ಕಲೇಟರ್ ಹತ್ತಿ, ಅಂಗಡಿಗಳನ್ನು ದಾಟಿ ಹೋಗುವ ಎಮೆಕ್ ಬೇರೆಯದೇ. ಕೈಕೆಲಸ ಅಚ್ಚುಕಟ್ಟಾಗಿದೆ ಎಂದು ಒಪ್ಪಿದ ಮೇಲೂ ನಾವು ಈ ಮಾತು ಹಿಂತೆಗೆದುಕೊಳ್ಳುವುದಿಲ್ಲ.

ಇನ್ನು ನಮ್ಮ ಮನಸ್ಸಿಗೆ ಅತ್ಯಂತ ಹತ್ತಿರದ ಕಟ್ಟಡಕ್ಕೆ ಬರೋಣ. ಇಡೀ ಇಸ್ತಿಕ್ಲಾಲ್ ಬೀದಿಯಲ್ಲಿರುವ ಒಂದೇ ಮಸೀದಿ ಹುಸೈನ್ ಆಗಾ ಮಸೀದಿ. ಗಲತಾ ಅರಮನೆಯ ಮುಖ್ಯಸ್ಥರಾಗಿದ್ದ ಹುಸೈನ್ ಆಗಾ 1590ರ ದಶಕದಲ್ಲಿ ಕಟ್ಟಿಸಿದ್ದು. ಅಂದರೆ ಬೀದಿಯ ಎಲ್ಲ ಥಳುಕಿಗಿಂತ ಮುನ್ನೂರು ವರ್ಷ ಹಿರಿಯದು. ಕುಳ್ಳಗೆ, ಸರಳವಾಗಿ, ಒಂದೇ ಮಿನಾರ ಹೊತ್ತು ಅಂಗಡಿಗಳ ನಡುವೆ ಸುಮ್ಮನೆ ಕೂತಿದೆ. ಮೊದಲ ಮಹಾಯುದ್ಧದ ನಂತರ ಇಸ್ತಾಂಬುಲ್ ಮಿತ್ರಪಡೆಗಳ ವಶದಲ್ಲಿದ್ದಾಗ ಈ ಮಸೀದಿಯ ಒಂಟಿತನವನ್ನು ಕಂಡು ಮರುಗಿ ಕವಿತೆ ಬರೆದವರು ಯಾರು ಗೊತ್ತೆ? ಮುಂದೆ ಕಮ್ಯುನಿಸ್ಟನೆಂದು ವರ್ಷಗಟ್ಟಲೆ ಜೈಲು ಕಂಡ ನಾಝಿಮ್ ಹಿಕ್ಮತ್. ಆಗ ಅವರಿಗೆ ಇನ್ನೂ ಹತ್ತೊಂಬತ್ತರ ಪ್ರಾಯ. ತುರ್ಕಿಯ ಎಡ ಮತ್ತು ಬಲಗಳು ಹಂಚಿಕೊಳ್ಳಬಹುದಾದ ಅಪರೂಪದ ಕಟ್ಟಡ ಇದು.

ವಿದೇಶಿ ಸೇನೆಯ ಕಾಲದಲ್ಲಿ ಬಿರಿಯದ ಈ ಮಸೀದಿಯ ಗೋಡೆಗಳಲ್ಲಿ ಬಿರುಕು ಕಾಣಿಸಿದ್ದು ಯಾವಾಗ? ಪಕ್ಕದಲ್ಲೇ ಒಂದು ದೊಡ್ಡ ಮಾಲ್ ಎದ್ದಾಗ. 2011ರಲ್ಲಿ ತೆರೆದ ಆ ಮಾಲ್‌ನ ಕಾಮಗಾರಿಯಿಂದ ಮಸೀದಿಗೆ ಹಾನಿಯಾಗಿದೆ ಎಂದು ತುರ್ಕಿಯ ಪತ್ರಿಕೆಗಳು ಬರೆದವು. ಅದರ ಎತ್ತರದ ಬಗ್ಗೆಯೂ ದೂರುಗಳೆದ್ದವು. ದೀನಿನ ಹೆಸರು ಹೇಳಿ ಮತ ಪಡೆದವರ ಆಡಳಿತ ಕಾಲವದು. ಮಿನಾರದ ಪಕ್ಕ ನಿಂತು ಮೇಲೆ ನೋಡಿದರೆ ಮಾಲ್‌ನ ಗೋಡೆ ಅದನ್ನು ನುಂಗಿದಂತೆ ಕಾಣುತ್ತದೆ. ಇದಕ್ಕೆ ಯಾವ ಪಾಶ್ಚಾತ್ಯರನ್ನು ದೂರೋಣ? ಯಾವ ಕ್ರೈಸ್ತರನ್ನು?

ಬೀದಿಯ ಮೇಲುತುದಿ ತಕ್ಸೀಮ್ ಚೌಕ. ಹಂಚಿಕೆ ಎಂಬರ್ಥದ ಈ ಪದ ಉರ್ದು ಬಲ್ಲ ನಮ್ಮವರಿಗೆ ಹೊಸದಲ್ಲ. ಸುಲ್ತಾನ್ ಒಂದನೆಯ ಮಹಮೂದ್ 1732ರಲ್ಲಿ ಇಲ್ಲಿ ನೀರು ಹಂಚುವ ಕಟ್ಟೆ ಕಟ್ಟಿಸಿದ್ದರು, ಕಲ್ಲಿನ ಆ ಎಂಟು ಮೂಲೆಯ ಪುಟ್ಟ ಕಟ್ಟಡ ಇನ್ನೂ ಇದೆ. ಅದರ ಹಿಂದೆಯೇ 2021ರ ಮೇ 28ರ ಶುಕ್ರವಾರ ತಕ್ಸೀಮ್ ಮಸೀದಿ ತೆರೆಯಿತು. ದಶಕಗಳ ಜಗಳದ ವಿಷಯವಿದು. ಚೌಕದಲ್ಲಿ ಮಸೀದಿ ಏಕೆ ಬೇಕು ಎಂದು ಕೇಳುವವರಿಗೆ ನಮ್ಮ ಉತ್ತರ ಸರಳ. ಬೇಕಿತ್ತು. ಹುಸೈನ್ ಆಗಾದಲ್ಲಿ ಜಾಗ ಸಾಲದೆ ಜುಮಾ ದಿನ ಜನ ಹೊರಗೆ ಚಾಪೆ, ಕಾಗದ ಹಾಸಿ ನಮಾಝ್ ಮಾಡುತ್ತಿದ್ದರು. ಲಕ್ಷಾಂತರ ಜನ ಓಡಾಡುವ ಕಡೆ ಸಾವಿರಾರು ಮಂದಿಗೆ ಸುಜೂದ್‌ಗೆ ಜಾಗ ಕೇಳುವುದು ಅತಿಯಾಸೆಯಲ್ಲ.

ಆದರೆ ಕಟ್ಟಿದ ರೀತಿಯ ಬಗ್ಗೆ ಮಾತಾಡಲು ನಮಗೆ ಹಕ್ಕಿದೆ. ವಾಸ್ತುಶಿಲ್ಪಿಗಳಾದ ಶೆಫಿಕ್ ಬಿರ್ಕಿಯೆ ಮತ್ತು ಸೆಲಿಮ್ ದಲಾಮಾನ್ ಹಳೆಯ ಸಿನಾನ್ ಮಾದರಿಯನ್ನು ಕಣ್ಣುಮುಚ್ಚಿ ನಕಲು ಮಾಡಿಲ್ಲ, ಪೆರಾದ ಆರ್ಟ್ ಡೆಕೊ ಗೆರೆಗಳನ್ನು ಕಲ್ಲಿನಲ್ಲಿ ತರಲು ಯತ್ನಿಸಿದ್ದಾರೆ. ಒಳಗೆ ಕೂತರೆ ಬೆಳಕು ತಂಪಾಗಿದೆ, ಗುಂಬಜ್ ಹಗುರವಾಗಿ ತೇಲುತ್ತದೆ. ಹೊರಗೆ ಬಂದರೆ ಮಾತ್ರ ಕಟ್ಟಡ ಯಾರೊಂದಿಗೋ ಪಂಥಕ್ಕೆ ನಿಂತಂತಿದೆ. ಸಮೀಪದಲ್ಲೇ 1880ರಲ್ಲಿ ಪೂರ್ತಿಯಾದ ಗ್ರೀಕರ ಅಯಾ ತ್ರಿಯಾದ ಚರ್ಚಿನ ಗುಂಬಜ್ ಇದೆ. 1955ರ ರಾತ್ರಿ ಅದಕ್ಕೂ ಏಟು ಬಿದ್ದಿತ್ತು. ಚೌಕದ ಇನ್ನೊಂದು ಬದಿಯಲ್ಲಿ ಅತಾತುರ್ಕ್ ಹೆಸರಿನ ಹಳೆಯ ಸಾಂಸ್ಕೃತಿಕ ಭವನವನ್ನು 2018ರಲ್ಲಿ ಕೆಡವಿ, ಅದನ್ನು ಕಟ್ಟಿದ್ದ ವಾಸ್ತುಶಿಲ್ಪಿಯ ಮಗನಿಂದಲೇ ಹೊಸದು ಕಟ್ಟಿಸಿ 2021ರಲ್ಲಿ ತೆರೆದರು. ನಡುವೆ ಗೆಝಿ ಉದ್ಯಾನ. 1940ರಲ್ಲಿ ಕೆಡವಿದ ಉಸ್ಮಾನಿಯಾ ಸೇನಾ ಬಿಡಾರವನ್ನು ಅಲ್ಲಿ ಮತ್ತೆ ಕಟ್ಟುವ ಯೋಜನೆಗೆ 2013ರ ಮೇ ಕೊನೆಯಲ್ಲಿ ಜನ ಎದುರು ನಿಂತರು. ಆ ಪ್ರತಿಭಟನೆ ಭುಗಿಲೆದ್ದ ದಿನಗಳ ವಾರ್ಷಿಕಕ್ಕೇ ಮಸೀದಿಯ ಉದ್ಘಾಟನೆ ಬಂದದ್ದು ಆಕಸ್ಮಿಕ ಎಂದು ಇಸ್ತಾಂಬುಲಿನಲ್ಲಿ ನಂಬುವವರು ಕಡಿಮೆ. ಅಲ್ಲಾಹನ ಭವನವನ್ನು ಯಾರ ಮೇಲಾದರೂ ಗೆದ್ದ ಗುರುತಾಗಿ ನಿಲ್ಲಿಸಿದರೆ ಒಳಗಿನ ತಂಪು ಹೊರಗೆ ಮುಟ್ಟುವುದಿಲ್ಲ. ಹುಸೈನ್ ಆಗಾ ಮಸೀದಿಗೆ ಆ ಭಾರವಿರಲಿಲ್ಲ.

ನಡುಬೀದಿಯಲ್ಲಿ ಗಲತಾಸರಾಯ್ ಶಾಲೆಯ ಕಬ್ಬಿಣದ ಗೇಟಿನ ಮುಂದೆ ಒಂದು ಚಿಕ್ಕ ಬಯಲಿದೆ. 1481ರ ಮೂಲದ, 1868ರಲ್ಲಿ ಹೊಸ ರೂಪ ಪಡೆದ ಶಾಲೆ ಅದು. ಕಾಣೆಯಾದ ಮಕ್ಕಳ ಚಿತ್ರ ಹಿಡಿದು ತಾಯಂದಿರು 1995ರ ಮೇ ತಿಂಗಳಿನಿಂದ ಶನಿವಾರಗಳಂದು ಅಲ್ಲಿ ಮೌನವಾಗಿ ಕೂರಲು ಆರಂಭಿಸಿದರು. 2018ರಲ್ಲಿ ಅವರ 700ನೇ ವಾರ ಪೊಲೀಸರು ಅವರನ್ನು ಎಬ್ಬಿಸಿ ಬಯಲಿಗೆ ಬೇಲಿ ಹಾಕಿದರು. ಅದು ಹಕ್ಕಿನ ಉಲ್ಲಂಘನೆ ಎಂದು ಮುಂದೆ ಸಾಂವಿಧಾನಿಕ ನ್ಯಾಯಾಲಯ ಹೇಳಿತು. 2022ರ ನವೆಂಬರ್ 13ರಂದು ಇದೇ ಬೀದಿಯಲ್ಲಿ ಬಾಂಬ್ ಸಿಡಿದು ಆರು ಮಂದಿ ಸತ್ತರು. ಮರುದಿನ ಬೀದಿ ತುಂಬ ಕೆಂಪು ಧ್ವಜಗಳು, ಬಾಂಬ್ ಸಿಡಿದ ಜಾಗದಲ್ಲಿ ಹೂ. ಅಂಗಡಿಗಳು ತೆರೆದೇ ಇದ್ದವು.

ಅಸರ್‌ನ ಹೊತ್ತಿಗೆ ಹುಸೈನ್ ಆಗಾ ಮಸೀದಿಯ ಅಂಗಳದಲ್ಲಿ ವುಝೂವಿನ ನಲ್ಲಿಗಳ ಮುಂದೆ ಸಾಲು. ಹೊಸ ಬೂಟಿನ ಚೀಲ ಪಕ್ಕಕ್ಕಿಟ್ಟು ತೋಳು ಮಡಚುವ ಹುಡುಗ, ಹೋಟೆಲಿನ ಏಪ್ರನ್ ಬಿಚ್ಚದೆಯೇ ಓಡಿ ಬಂದ ಮಾಣಿ, ಚಪ್ಪಲಿ ಎಲ್ಲಿಡಬೇಕೆಂದು ತಿಳಿಯದೆ ನಿಂತ ಪ್ರವಾಸಿ. ಗೋಡೆಯಾಚೆ ಟ್ರಾಮ್ ಗಂಟೆ ಬಾರಿಸುತ್ತಾ ಅಂತೋನಿಯ ಚರ್ಚಿನ ಕಡೆಗೆ ಇಳಿಯುತ್ತದೆ.